ಸ್ಲೈಡಿನಲ್ಲಿ ಕೋಶದ ಹಾನಿ, ಶೇಖರಣೆ ಮತ್ತು ಸಾವನ್ನು ಓದುವ ಕ್ರಮ

ರೋಗಶಾಸ್ತ್ರದ ಪ್ರಾಯೋಗಿಕ ತರಗತಿಗೆ ಮೊದಲ ಬಾರಿಗೆ ಬರುವ ವಿದ್ಯಾರ್ಥಿಗಳಲ್ಲಿ, ಅದರಲ್ಲೂ ಗದಗ, ಹಾವೇರಿ, ನವಲಗುಂದ, ಶಿಗ್ಗಾವಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಹುಬ್ಬಳ್ಳಿ-ಧಾರವಾಡಕ್ಕೆ ಬಂದವರಲ್ಲಿ, ನಾನು ಪ್ರತಿ ವರ್ಷ ಒಂದೇ ತೊಡಕನ್ನು ಕಾಣುತ್ತೇನೆ. ಸಾಯುವ ಕೋಶದ ಕೇಂದ್ರದಲ್ಲಾಗುವ ಬದಲಾವಣೆಗಳಿಗಿರುವ ಪಿಕ್ನೋಸಿಸ್, ಕ್ಯಾರಿಯೊರೆಕ್ಸಿಸ್, ಕ್ಯಾರಿಯೊಲೈಸಿಸ್ ಎಂಬ ಹೆಸರುಗಳು ಅವರಿಗೆ ಬಾಯಿಪಾಠವಾಗಿರುತ್ತವೆ. ಆದರೆ ಸೂಕ್ಷ್ಮದರ್ಶಕದ ಕೆಳಗೆ ಸ್ಲೈಡ್ ಇಟ್ಟು, ಈ ಕೋಶಕ್ಕೆ ಏನಾಗಿದೆ ಎಂದು ಕೇಳಿದ ಕೂಡಲೇ ಮಾತು ನಿಂತುಹೋಗುತ್ತದೆ. ಪುಸ್ತಕದಲ್ಲಿ ಈ ಹೆಸರುಗಳು ಒಂದರ ಕೆಳಗೊಂದು ಪಟ್ಟಿಯಾಗಿ ಬರುತ್ತವೆ, ಅಂಗಾಂಶದಲ್ಲಾದರೋ ಅವು ಗಂಟೆ, ದಿನ, ವಾರಗಳ ಲೆಕ್ಕದಲ್ಲಿ ಒಂದರ ಹಿಂದೆ ಒಂದು ನಡೆದುಹೋದ ಘಟನೆಗಳಾಗಿರುತ್ತವೆ. ಆದ್ದರಿಂದ ಸ್ಲೈಡ್ ಓದುವುದೆಂದರೆ ಮುಖ್ಯವಾಗಿ ಕಾಲವನ್ನು ಓದುವುದು: ಪೆಟ್ಟು ಬಿದ್ದು ಎಷ್ಟು ಹೊತ್ತಾಯಿತು, ಕೋಶ ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆಯೇ, ಅಥವಾ ಆ ಗಡಿ ದಾಟಿಹೋಗಿದೆಯೇ. ವೈದ್ಯಕೀಯ, ನರ್ಸಿಂಗ್, ಪ್ರಯೋಗಾಲಯ ತಂತ್ರಜ್ಞಾನದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆಯುತ್ತಿದ್ದೇನೆ. ಮನೆಯವರ ಪರೀಕ್ಷಾ ವರದಿಯನ್ನು ಕೈಯಲ್ಲಿ ಹಿಡಿದು ಕುಳಿತವರಿಗೂ ಇದರ ಕೆಲವು ಭಾಗಗಳು ಉಪಯೋಗಕ್ಕೆ ಬರುತ್ತವೆ.

ಮೊದಲ ಹೆಜ್ಜೆ: ಉಳ್ಳಾಗಡ್ಡಿಯಲ್ಲಿ ನೋಡಿಕೊಳ್ಳಿ

ಮನುಷ್ಯನ ಅಂಗಾಂಶಕ್ಕೆ ಹೋಗುವ ಮುನ್ನ ಒಂದು ಕೆಂಪು ಉಳ್ಳಾಗಡ್ಡಿಯನ್ನು ತೆಗೆದುಕೊಳ್ಳಿ. ಒಣ ಸಿಪ್ಪೆಯನ್ನು ಸುಲಿದ ಮೇಲೆ ಸಿಗುವ ರಸಭರಿತ ಪದರಿನ ಹೊರಮೈಯಲ್ಲಿ ನೇರಳೆ ಬಣ್ಣದ ತೆಳುವಾದ ಪೊರೆ ಇರುತ್ತದೆ. ಅದನ್ನು ಬ್ಲೇಡಿನಿಂದ ಸಣ್ಣ ಚೌಕವಾಗಿ ಗೀರಿ, ಚಿಮಟದಿಂದ ಎಬ್ಬಿಸಿ, ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಕವರ್‌ಸ್ಲಿಪ್ ಮುಚ್ಚಿರಿ. ಹತ್ತು ಪಟ್ಟಿನ ಮಸೂರದಲ್ಲಿಯೇ ಇಟ್ಟಿಗೆ ಜೋಡಿಸಿದಂತೆ ಕೋಶಗಳ ಸಾಲು ಕಾಣುತ್ತದೆ, ಮತ್ತು ಪ್ರತಿ ಕೋಶವೂ ಗೋಡೆಯಿಂದ ಗೋಡೆಗೆ ನೇರಳೆ ರಸದಿಂದ ತುಂಬಿರುತ್ತದೆ.

ಈಗ ಅರ್ಧ ಲೋಟ ನೀರಿಗೆ ಒಂದು ಚಹಾ ಚಮಚ ಉಪ್ಪು ಕರಗಿಸಿ, ಅದರ ಒಂದು ಹನಿಯನ್ನು ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಬಿಟ್ಟು, ಎದುರಿನ ಅಂಚಿನಿಂದ ಒತ್ತುಕಾಗದದಲ್ಲಿ ನೀರನ್ನು ಹೀರಿಸಿರಿ. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗ ಗೋಡೆಯನ್ನು ಬಿಟ್ಟು ಒಳಕ್ಕೆ ಮುದುಡಿ, ಕೋಶದ ನಡುವೆ ಗಟ್ಟಿಯಾದ ಗುಳ್ಳೆಯಂತೆ ನಿಲ್ಲುತ್ತದೆ. ಅದೇ ರೀತಿಯಲ್ಲಿ ಸಾದಾ ನೀರನ್ನು ಹಾಯಿಸಿದರೆ ಅದು ಮತ್ತೆ ಉಬ್ಬಿ ಗೋಡೆಗೆ ಅಂಟಿಕೊಳ್ಳುತ್ತದೆ. ಕೋಶಕ್ಕೆ ತೊಂದರೆಯಾಯಿತು, ಆಕಾರ ಕೆಟ್ಟಿತು, ತೊಂದರೆ ದೂರವಾದೊಡನೆ ಅದು ಸರಿಹೋಯಿತು. ಚೇತರಿಸಿಕೊಳ್ಳಬಲ್ಲ ಹಾನಿ ಎಂದರೆ ಇದು.

ಇನ್ನೊಂದು ತುಂಡು ಪೊರೆಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ನೋಡಿರಿ. ನೇರಳೆ ಬಣ್ಣ ಹೊರಗಿನ ನೀರಿಗೆ ಸೋರಿಹೋಗಿರುತ್ತದೆ; ಈಗ ಉಪ್ಪುನೀರು ಹಾಕಿದರೂ ಏನೂ ಮುದುಡುವುದಿಲ್ಲ, ಸಾದಾ ನೀರು ಹಾಕಿದರೂ ಏನೂ ಮರಳುವುದಿಲ್ಲ. ಗೋಡೆಗಳು ಮೊದಲಿನಂತೆಯೇ ಸಾಲಾಗಿ ನಿಂತಿವೆ, ಆದರೆ ಒಳಗಿನದನ್ನು ಒಳಗೇ ಹಿಡಿದಿಡುವ ಪೊರೆ ಸತ್ತಿದೆ. ಇಡೀ ವಿಷಯದ ತಿರುಳು ಈ ಎರಡು ತುಂಡುಗಳ ನಡುವಿನ ವ್ಯತ್ಯಾಸದಲ್ಲಿದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ, ಆದ್ದರಿಂದ ಇದನ್ನು ಓದಿ ಮುಂದೆ ಹೋಗದೆ ಒಮ್ಮೆ ಕೈಯಾರೆ ಮಾಡಿರಿ. ಪ್ರಾಣಿಗಳ ಕೋಶಕ್ಕೆ ಉಳ್ಳಾಗಡ್ಡಿಗಿರುವಂತಹ ಗೋಡೆ ಇಲ್ಲ ಎಂಬುದು ಮಾತ್ರ ನೆನಪಿರಲಿ. ನಮ್ಮ ಕೆಂಪು ರಕ್ತಕಣವನ್ನು ಸಾದಾ ನೀರಿಗೆ ಹಾಕಿದರೆ ಅದು ಉಬ್ಬಿ ಒಡೆದೇ ಹೋಗುತ್ತದೆ. ರಕ್ತನಾಳಕ್ಕೆ ಏರಿಸುವ ಸಲೈನಿನಲ್ಲಿ 0.9 ಪ್ರತಿಶತ ಉಪ್ಪು ಇರುವುದು ಈ ಕಾರಣಕ್ಕೇ.

ಎರಡನೆಯ ಹೆಜ್ಜೆ: ತುಣುಕು ಯಾವ ಸ್ಥಿತಿಯಲ್ಲಿ ಬಂದಿದೆ ಎಂದು ವಿಚಾರಿಸಿ

ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಈಗ ಗದಗ ಮತ್ತು ಹಾವೇರಿಯಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ, ಆದರೂ ಸುತ್ತಲಿನ ಊರುಗಳ ಸಣ್ಣ ಆಸ್ಪತ್ರೆಗಳಲ್ಲಿ ತೆಗೆದ ಅಂಗಾಂಶದ ತುಣುಕನ್ನು ರೋಗಿಯ ಮನೆಯವರೇ ಬಾಟಲಿಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ತರುವುದು ಇಂದಿಗೂ ಇದೆ. ಬೇಸಿಗೆಯ ಒಂದು ಮಧ್ಯಾಹ್ನ ಹಾಗೆ ಬಂದ ಬಾಟಲಿಯೊಂದನ್ನು ನಾನು ತೆರೆದಾಗ ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ನಿನ ಆ ಮೂಗು ಚುಚ್ಚುವ ವಾಸನೆಯ ಬದಲು ಕೊಳೆತ ವಾಸನೆ ಬಂದಿತು. ಯಾರೋ ಅವಸರದಲ್ಲಿ ಸಲೈನ್ ತುಂಬಿ ಕಳಿಸಿದ್ದರು. ಸ್ಲೈಡಿನಲ್ಲಿ ಕೋಶಕೇಂದ್ರಗಳು ಮಸುಕಾಗಿ ಮಾಯವಾಗಿದ್ದವು, ಆದರೆ ಅವು ರೋಗದಿಂದ ಸತ್ತವೋ ಬಸ್ಸಿನಲ್ಲಿ ಸತ್ತವೋ ಹೇಳಲು ಬರುವಂತಿರಲಿಲ್ಲ. ಆ ತುಣುಕು ಯಾರದಾಗಿತ್ತೋ ಆ ತಾಯಿ ಎರಡನೆಯ ಬಾರಿ ಚುಚ್ಚಿಸಿಕೊಳ್ಳಬೇಕಾಯಿತು, ಅದನ್ನು ಹೇಳುವಾಗ ನನಗಾದ ಸಂಕಟವನ್ನು ನಾನು ಮರೆತಿಲ್ಲ.

ದೇಹದಿಂದ ಹೊರಬಂದ ತುಣುಕಿನ ಕೋಶಗಳು ತಮ್ಮದೇ ಕಿಣ್ವಗಳಿಂದ ಜೀರ್ಣವಾಗತೊಡಗುತ್ತವೆ, ಮತ್ತು ನಮ್ಮ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಈ ಕೆಲಸ ಬೇಗ ಸಾಗುತ್ತದೆ. ಆದ್ದರಿಂದ ತುಣುಕನ್ನು ತೆಗೆದ ಕೂಡಲೇ, ಅದರ ಗಾತ್ರದ ಹತ್ತು ಪಟ್ಟಿಗೆ ಕಡಿಮೆಯಿಲ್ಲದಷ್ಟು 10 ಪ್ರತಿಶತ ಫಾರ್ಮಲಿನ್ನಿನಲ್ಲಿ, ಅಗಲ ಬಾಯಿಯ ಬಾಟಲಿಯಲ್ಲಿ, ಪೂರ್ತಿ ಮುಳುಗುವಂತೆ ಹಾಕಬೇಕು. ಐಸಿನಲ್ಲಿ ಹೆಪ್ಪುಗಟ್ಟಿಸಬಾರದು. ಬೇರೆ ದ್ರವದಲ್ಲಿ ಅಥವಾ ಹಾಗೆಯೇ ತರಬೇಕಾದ ಕೆಲವು ವಿಶೇಷ ಪರೀಕ್ಷೆಗಳಿವೆ, ಅವನ್ನು ವೈದ್ಯರು ಮೊದಲೇ ಹೇಳಿರುತ್ತಾರೆ. ಸ್ಲೈಡಿನಲ್ಲಿ ಅನುಮಾನ ಬಂದರೆ ಒಂದು ಗುರುತು ನೋಡಿರಿ: ಬದುಕಿದ ದೇಹದೊಳಗೆ ಕೋಶ ಸತ್ತು ಕೆಲವು ಗಂಟೆಗಳಾಗಿದ್ದರೆ ಅದರ ಸುತ್ತ ಉರಿಯೂತದ ಕೋಶಗಳು ಬಂದು ಸೇರಿರುತ್ತವೆ, ಬಾಟಲಿಯಲ್ಲಿ ಕೆಟ್ಟ ಕೋಶದ ಬಳಿಗೆ ಯಾರೂ ಬಂದಿರುವುದಿಲ್ಲ.

ಮೂರನೆಯ ಹೆಜ್ಜೆ: ಆರೋಗ್ಯವಂತ ಕೋಶವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ

ಸಾಮಾನ್ಯ ಸ್ಲೈಡಿಗೆ ಎರಡು ಬಣ್ಣ ಹಾಕಿರುತ್ತಾರೆ. ಹಿಮಟಾಕ್ಸಿಲಿನ್ ಕೋಶಕೇಂದ್ರದ ನ್ಯೂಕ್ಲಿಯಿಕ್ ಆಮ್ಲಗಳಿಗೆ ನೀಲಿ ಬಣ್ಣ ಕೊಡುತ್ತದೆ, ಇಯೋಸಿನ್ ಕೋಶರಸದ ಪ್ರೋಟೀನುಗಳಿಗೆ ಗುಲಾಬಿ ಬಣ್ಣ ಕೊಡುತ್ತದೆ. ಮೊದಲು ಕಡಿಮೆ ಪಟ್ಟಿನಲ್ಲಿ ಇಡೀ ತುಣುಕನ್ನು ಸುತ್ತಿಬಂದು, ಎಲ್ಲಿ ಕೋಶಗಳು ಸರಿಯಾಗಿವೆಯೋ ಅಲ್ಲಿ ನಿಂತು ಅವುಗಳ ಗಾತ್ರ, ಕೋಶಕೇಂದ್ರದ ದುಂಡುತನ, ಕೋಶರಸದ ಗುಲಾಬಿಯ ಗಾಢತೆಯನ್ನು ಕಣ್ಣಿನಲ್ಲಿ ತುಂಬಿಕೊಳ್ಳಿರಿ. ಗಾತ್ರದ ಅಂದಾಜಿಗೆ ರಕ್ತನಾಳದೊಳಗಿನ ಕೆಂಪು ರಕ್ತಕಣವೇ ಅಳತೆಗೋಲು. ಅದರ ಅಡ್ಡಳತೆ 7ರಿಂದ 8 ಮೈಕ್ರೋಮೀಟರ್. ರೋಗದ ನೆಲೆಯನ್ನು ಕೋಶದಲ್ಲಿಯೇ ಹುಡುಕಬೇಕೆಂದು ಜರ್ಮನಿಯ ರುಡಾಲ್ಫ್ ವಿರ್ಕೋ 1858ರಲ್ಲಿ ಪ್ರತಿಪಾದಿಸಿದಂದಿನಿಂದ ಈ ಹೋಲಿಕೆಯೇ ರೋಗಶಾಸ್ತ್ರದ ನಿತ್ಯದ ಕೆಲಸವಾಗಿದೆ.

ನಾಲ್ಕನೆಯ ಹೆಜ್ಜೆ: ಉಬ್ಬಿದ ಕೋಶವನ್ನು ಗುರುತಿಸಿ, ಏಕೆ ಉಬ್ಬಿತೆಂದು ಕೇಳಿ

ಬಾವಿ ತೋಡುವವರನ್ನು ನೋಡಿದ್ದರೆ ಈ ಭಾಗ ಸುಲಭವಾಗಿ ತಿಳಿಯುತ್ತದೆ. ಒರತೆ ಸಿಕ್ಕಿದ ಮೇಲೆ ಸುತ್ತಲಿನ ನೆಲದಿಂದ ನೀರು ನಿಲ್ಲದೆ ಬಸಿಯುತ್ತಿರುತ್ತದೆ, ಮತ್ತು ಕೆಳಗೆ ಕೆಲಸ ಸಾಗಬೇಕಾದರೆ ಮೇಲೆ ಪಂಪು ನಿಲ್ಲದೆ ಓಡುತ್ತಿರಬೇಕು. ಕರೆಂಟು ಹೋದರೆ ಬಾವಿ ತಾನಾಗಿಯೇ ತುಂಬುತ್ತದೆ. ಕೋಶದ ಸ್ಥಿತಿಯೂ ಹಾಗೆಯೇ. ಹೊರಗಿನ ಸೋಡಿಯಂ ಸದಾ ಒಳಗೆ ನುಗ್ಗಲು ನೋಡುತ್ತಿರುತ್ತದೆ, ಪೊರೆಯಲ್ಲಿರುವ ಪಂಪು ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತಿರುತ್ತದೆ. ಈ ಪಂಪಿನ ಕರೆಂಟು ಎಟಿಪಿ ಎಂಬ, ಕೋಶಕ್ಕೆ ಶಕ್ತಿ ಕೊಡುವ ಅಣು. ಅದರ ಬಹುಪಾಲು ಮೈಟೋಕಾಂಡ್ರಿಯಾದಲ್ಲಿ, ಆಮ್ಲಜನಕದ ನೆರವಿನಿಂದ ತಯಾರಾಗುತ್ತದೆ.

ರಕ್ತದ ಹರಿವು ನಿಂತರೆ ಆಮ್ಲಜನಕ ನಿಲ್ಲುತ್ತದೆ, ಎಟಿಪಿ ಕುಸಿಯುತ್ತದೆ, ಪಂಪು ಮಂದವಾಗುತ್ತದೆ, ಸೋಡಿಯಂ ಒಳಗೆ ಉಳಿಯುತ್ತದೆ, ಅದರ ಬೆನ್ನಿಗೆ ನೀರು ಬರುತ್ತದೆ, ಕೋಶ ಉಬ್ಬುತ್ತದೆ. ಅದೇ ವೇಳೆಗೆ ಕೋಶ ಆಮ್ಲಜನಕವಿಲ್ಲದೆಯೇ ಗ್ಲುಕೋಸನ್ನು ಒಡೆದು ಕಾಲ ನೂಕಲು ನೋಡುತ್ತದೆ, ಅದರಿಂದ ಲ್ಯಾಕ್ಟಿಕ್ ಆಮ್ಲ ಸೇರಿ ಒಳಗೆ ಹುಳಿ ಏರುತ್ತದೆ. ಸ್ಲೈಡಿನಲ್ಲಿ ನಿಮಗೆ ಕಾಣುವುದು ದಪ್ಪಗಾದ, ಬಣ್ಣ ತಿಳಿಯಾದ, ಒಳಗೆ ಸಣ್ಣ ಸಣ್ಣ ತಿಳಿ ಗುಳ್ಳೆಗಳಿರುವ ಕೋಶ. ಕೋಶಕೇಂದ್ರ ಇನ್ನೂ ಸರಿಯಾಗಿಯೇ ಇರುತ್ತದೆ. ಮೂತ್ರಪಿಂಡದ ನಾಳಗಳ ಕೋಶಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಇಡೀ ಅಂಗವೇ ಹೀಗಾದಾಗ ಅದು ಮಂಕಾಗಿ, ಭಾರವಾಗಿ, ಬಿಗಿದುಕೊಂಡಂತೆ ಕೈಗೆ ಹತ್ತುತ್ತದೆ. ಈ ಹಂತದಲ್ಲಿ ರಕ್ತ ಮರಳಿದರೆ ಕೋಶವೂ ಮರಳುತ್ತದೆ.

ಐದನೆಯ ಹೆಜ್ಜೆ: ಗಡಿ ದಾಟಿದೆಯೇ ಎಂದು ನೋಡಿ

ಒಂದು ಕೋಶ ಇನ್ನು ಮರಳದು ಎಂದು ಹೇಳಲು ಎರಡು ಸಂಗತಿಗಳನ್ನು ಆಧಾರವಾಗಿ ಹಿಡಿಯುತ್ತೇವೆ. ಆಮ್ಲಜನಕ ಮರಳಿ ಸಿಕ್ಕರೂ ಮೈಟೋಕಾಂಡ್ರಿಯಾ ದುಡಿಯದಂತಾಗಿರುವುದು ಒಂದು, ಪೊರೆಗಳು ಹರಿದಿರುವುದು ಇನ್ನೊಂದು. ಕೋಶದ ಹೊರಗಿನ ಕ್ಯಾಲ್ಸಿಯಂ ಪ್ರಮಾಣ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಪೊರೆ ಹರಿದಾಗ ಆ ಕ್ಯಾಲ್ಸಿಯಂ ಒಳನುಗ್ಗಿ, ಕೊಬ್ಬನ್ನು, ಪ್ರೋಟೀನನ್ನು, ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಲೈಸೋಸೋಮುಗಳೂ ಒಡೆದು ತಮ್ಮ ಜೀರ್ಣಕಾರಿ ರಸವನ್ನು ಒಳಗೇ ಚೆಲ್ಲುತ್ತವೆ.

ಗಡಿಯವರೆಗೆ ಎಷ್ಟು ಹೊತ್ತು ಎಂಬುದು ಕೋಶದ ಜಾತಿಯನ್ನು ಅವಲಂಬಿಸಿದೆ. ರಕ್ತ ಪೂರ್ತಿ ನಿಂತರೆ ಮೆದುಳಿನ ನರಕೋಶ 3ರಿಂದ 5 ನಿಮಿಷ ತಾಳುತ್ತದೆ. ಹೃದಯದ ಸ್ನಾಯು ಒಂದೆರಡು ನಿಮಿಷಗಳಲ್ಲೇ ಮಿಡಿಯುವ ಶಕ್ತಿ ಕಳೆದುಕೊಂಡರೂ ಸಾಯುವುದಕ್ಕೆ 20ರಿಂದ 40 ನಿಮಿಷ ಹಿಡಿಯುತ್ತದೆ. ಕೈಕಾಲಿನ ಸ್ನಾಯು ಎರಡು ಮೂರು ಗಂಟೆ ತಡೆದೀತು. ಎದೆನೋವು ಬಂದವರನ್ನು ಹೊಲದಿಂದ ಮನೆಗೆ, ಮನೆಯಿಂದ ಊರ ಡಾಕ್ಟರ ಬಳಿಗೆ, ಅಲ್ಲಿಂದ ಪಟ್ಟಣಕ್ಕೆ ಎಂದು ಅಲೆದಾಡಿಸುವಾಗ ಕಳೆಯುವುದು ಈ ನಿಮಿಷಗಳನ್ನೇ. ನೇರವಾಗಿ 108ಕ್ಕೆ ಕರೆ ಮಾಡಿರಿ.

ಪೊರೆ ಹರಿದ ಕೋಶದ ಒಳಗಿನ ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಉಳ್ಳಾಗಡ್ಡಿಯ ನೇರಳೆ ಬಣ್ಣ ನೀರಿಗೆ ಸೋರಿತಲ್ಲ, ಹಾಗೆಯೇ. ಹೃದಯಕ್ಕೆ ಟ್ರೋಪೋನಿನ್, ಯಕೃತ್ತಿಗೆ ಎಎಲ್‌ಟಿ ಮತ್ತು ಎಎಸ್‌ಟಿ ಪರೀಕ್ಷೆಗಳು ಅಳೆಯುವುದು ಈ ಸೋರಿಕೆಯನ್ನೇ. ಟ್ರೋಪೋನಿನ್ ರಕ್ತದಲ್ಲಿ ಕಾಣಿಸಿಕೊಳ್ಳಲು ಕೆಲವು ಗಂಟೆ ಬೇಕಾಗುವುದರಿಂದ ಮೊದಲ ಪರೀಕ್ಷೆ ಸರಿಯಿದ್ದರೂ ವೈದ್ಯರು ಎರಡನೆಯ ಬಾರಿ ರಕ್ತ ತೆಗೆಯುತ್ತಾರೆ. ಅದನ್ನು ಬೇಡದ ಖರ್ಚೆಂದು ತಿಳಿಯಬಾರದು.

ಯಕೃತ್ತಿನ ಮಾತು ಬಂದದ್ದರಿಂದ ಪ್ಯಾರಸಿಟಮಾಲ್ ಬಗ್ಗೆ ಎರಡು ಮಾತು. ಮಿತಿಯಲ್ಲಿ ತೆಗೆದುಕೊಂಡಾಗ ಅದರಿಂದ ಹುಟ್ಟುವ ಅಲ್ಪ ವಿಷಾಂಶವನ್ನು ಯಕೃತ್ತಿನಲ್ಲಿರುವ ಗ್ಲುಟಥಯೋನ್ ಕಟ್ಟಿಹಾಕುತ್ತದೆ. ಪ್ರಮಾಣ ಮೀರಿದಾಗ ಗ್ಲುಟಥಯೋನ್ ತೀರಿಹೋಗಿ ವಿಷಾಂಶ ನೇರವಾಗಿ ಕೋಶದ ಪ್ರೋಟೀನುಗಳ ಮೇಲೆ ಬೀಳುತ್ತದೆ, ಮತ್ತು ಸ್ಲೈಡಿನಲ್ಲಿ ಯಕೃತ್ತಿನ ಪ್ರತಿ ಕಿರುಹಾಲೆಯ (ಲೋಬ್ಯೂಲ್) ನಡುಮಧ್ಯದ ಅಭಿಧಮನಿಯ ಸುತ್ತಲಿನ ಕೋಶಗಳೇ ಮೊದಲು ಸತ್ತಿರುತ್ತವೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಮದ್ಯ ಕುಡಿಯುವವರಿಗೆ, ತೀರ ಸೊರಗಿದವರಿಗೆ ಮಿತಿ ಇನ್ನೂ ಕಡಿಮೆ. ಮೀರಿದ್ದು ತಿಳಿದರೆ ವಾಂತಿ, ಹೊಟ್ಟೆನೋವು ಬರಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕು, ಏಕೆಂದರೆ ಇದಕ್ಕಿರುವ ಪ್ರತಿವಿಷ 8 ಗಂಟೆಯೊಳಗೆ ಕೊಟ್ಟಾಗ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಆರನೆಯ ಹೆಜ್ಜೆ: ಒಳಗೆ ಏನು ಕೂಡಿಬಿದ್ದಿದೆ ಎಂದು ಹುಡುಕಿ

ಸಾಯದೆ, ಪೂರ್ತಿ ಗುಣವೂ ಆಗದೆ, ಬಹುಕಾಲ ಒತ್ತಡದಲ್ಲಿ ಬದುಕುವ ಕೋಶದಲ್ಲಿ ಪದಾರ್ಥಗಳು ಕೂಡಿಬೀಳುತ್ತವೆ. ಒಳಬರುವುದು ಹೆಚ್ಚಾಗಿರಬಹುದು, ಒಡೆಯಬೇಕಾದ ಕಿಣ್ವ ಇಲ್ಲದಿರಬಹುದು, ಹೊರಗೆ ಸಾಗಿಸುವ ದಾರಿ ಮುಚ್ಚಿರಬಹುದು, ಅಥವಾ ಬಂದದ್ದು ಜೀರ್ಣಿಸಲು ಬಾರದ ವಸ್ತುವೇ ಆಗಿರಬಹುದು. ಏನಾದರೂ ಕೂಡಿಬಿದ್ದದ್ದು ಕಂಡಾಗ ಈ ನಾಲ್ಕರಲ್ಲಿ ಯಾವುದೆಂದು ಕೇಳಿಕೊಳ್ಳಿರಿ.

ಒಮ್ಮೆ ಕೊಬ್ಬು ತುಂಬಿದ ಯಕೃತ್ತಿನ ಸ್ಲೈಡನ್ನು ತೋರಿಸುತ್ತಿದ್ದಾಗ ಹಾವೇರಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಬಹಳ ಹೊತ್ತು ಮಸೂರಕ್ಕೆ ಕಣ್ಣಿಟ್ಟು, “ಮೇಡಮ್, ಕೊಬ್ಬು ಅಂತ ಹೇಳ್ತೀರಿ, ನನಗ ಬರೇ ತೂತು ಕಾಣಾಕತ್ತಾವ್ರಿ” ಎಂದಳು. ಆ ದಿನ ತರಗತಿಯಲ್ಲಿ ಅಷ್ಟು ಸರಿಯಾಗಿ ನೋಡಿದವಳು ಅವಳೊಬ್ಬಳೇ. ಸ್ಲೈಡ್ ತಯಾರಿಸುವಾಗ ಅಂಗಾಂಶವನ್ನು ಆಲ್ಕೋಹಾಲ್ ಮತ್ತು ಜೈಲಿನ್‌ನಲ್ಲಿ ಅದ್ದುತ್ತಾರೆ, ಅವು ಕೊಬ್ಬನ್ನು ಕರಗಿಸಿ ಒಯ್ಯುತ್ತವೆ, ಹಾಗಾಗಿ ನಮಗೆ ಉಳಿಯುವುದು ಕೊಬ್ಬಿದ್ದ ಜಾಗ ಮಾತ್ರ. ಅಂಚು ಸ್ವಚ್ಛವಾಗಿರುವ ದುಂಡನೆಯ ಖಾಲಿ ಗುಳ್ಳೆ ಮತ್ತು ಬದಿಗೆ ಒತ್ತಲ್ಪಟ್ಟ ಕೋಶಕೇಂದ್ರ ಕಂಡರೆ ಅದು ಬಹುತೇಕ ಕೊಬ್ಬು. ಖಚಿತಪಡಿಸಿಕೊಳ್ಳಬೇಕಾದರೆ ತುಣುಕನ್ನು ಹೆಪ್ಪುಗಟ್ಟಿಸಿ ಕತ್ತರಿಸಿ ಆಯಿಲ್ ರೆಡ್ ಒ ಬಣ್ಣ ಹಾಕಬೇಕು. ಆಗ ಕೊಬ್ಬು ಕೆಂಪು ಹನಿಗಳಾಗಿ ಎದ್ದುಕಾಣುತ್ತದೆ. ಗುಳ್ಳೆಯ ಅಂಚು ಹರಕಾಗಿದ್ದು ಕೋಶಕೇಂದ್ರ ನಡುವಿನಲ್ಲಿದ್ದರೆ ಗ್ಲೈಕೋಜನ್, ಅಂದರೆ ಗ್ಲುಕೋಸಿನ ಶೇಖರಿತ ರೂಪ, ಇರಬಹುದೆಂದು ಪಿಎಎಸ್ ಬಣ್ಣ ಹಾಕಿಸಿರಿ.

ಯಕೃತ್ತಿನ ಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಕಂಡರೆ ಅದನ್ನು ರೋಗದ ಸ್ಥಿತಿ ಎನ್ನುತ್ತೇವೆ. ಮದ್ಯ, ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಇದರ ಮುಖ್ಯ ಕಾರಣಗಳು. ಪ್ರೋಟೀನ್ ಕೊರತೆಯಿಂದ ಬಾವು ಬಂದ ಮಗುವಿನ ಯಕೃತ್ತಿನಲ್ಲಿಯೂ ಕೊಬ್ಬು ತುಂಬಿರುತ್ತದೆ, ಅಲ್ಲಿ ಕಾರಣ ಬೇರೆ: ಕೊಬ್ಬನ್ನು ಹೊರಗೆ ಸಾಗಿಸಲು ಬೇಕಾದ ಪ್ರೋಟೀನನ್ನು ಆ ಯಕೃತ್ತು ಕಟ್ಟಲಾರದು. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ “ಫ್ಯಾಟಿ ಲಿವರ್ ಗ್ರೇಡ್ 1” ಎಂದು ಬರೆಸಿಕೊಂಡು ಹೆದರಿ ಬರುವವರಿಗೆ ನಾನು ಹೇಳುವುದಿಷ್ಟು: ಇದು ಗಡಿಯ ಈಚೆಗಿನ ಸ್ಥಿತಿ. ಮದ್ಯದಿಂದ ಬಂದದ್ದಾದರೆ ಪೂರ್ತಿ ಬಿಟ್ಟ ಕೆಲವು ವಾರಗಳಲ್ಲಿ ಕೊಬ್ಬು ಕರಗುತ್ತದೆ. ಬೊಜ್ಜಿನಿಂದ ಬಂದದ್ದಾದರೆ ದೇಹದ ತೂಕದ 5 ಪ್ರತಿಶತ ಇಳಿಸಿದರೂ ಕೊಬ್ಬು ತಗ್ಗುತ್ತದೆ, ಉರಿಯೂತ ತಗ್ಗಬೇಕಾದರೆ 7ರಿಂದ 10 ಪ್ರತಿಶತ ಇಳಿಸಬೇಕಾಗುತ್ತದೆ. ಅಲಕ್ಷ್ಯ ಮಾಡಿದರೆ ಕೆಲವರಲ್ಲಿ ಅದು ನಾರುಗಟ್ಟಿ, ಮರಳಿ ಬರಲಾಗದ ಸಿರೋಸಿಸ್ ಕಡೆಗೆ ಸಾಗುತ್ತದೆ.

ಬಣ್ಣದ ಕಣಗಳು ವಿದ್ಯಾರ್ಥಿಗಳನ್ನು ಹೆಚ್ಚು ಗೊಂದಲಕ್ಕೆ ಕೆಡವುತ್ತವೆ. ವಯಸ್ಸಾದವರ ಹೃದಯದ ಸ್ನಾಯುವಿನಲ್ಲಿ ಕೋಶಕೇಂದ್ರದ ಎರಡೂ ತುದಿಗೆ ಅಂಟಿಕೊಂಡಂತೆ ಕಾಣುವ ಹಳದಿಮಿಶ್ರಿತ ಕಂದು ಹುಡಿ ಲಿಪೋಫುಸ್ಕಿನ್. ಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಜೀರ್ಣಿಸಿಕೊಂಡಾಗ ಉಳಿಯುವ ಶೇಷ ಅದು, ಅದರಿಂದ ಕೇಡಿಲ್ಲ. ಹಾಗೆಯೇ ಕಂದಾಗಿ, ಆದರೆ ಒರಟಾಗಿ, ಹೊಳಪಾಗಿ ಕಾಣುವ ಇನ್ನೊಂದು ಹಿಮೊಸಿಡರಿನ್, ಅಂದರೆ ರಕ್ತದ ಕಬ್ಬಿಣ. ಕಣ್ಣಳತೆಯಲ್ಲಿ ಎರಡನ್ನೂ ಬೇರ್ಪಡಿಸಲು ಹೋಗಬೇಡಿರಿ, ಪ್ರಷ್ಯನ್ ಬ್ಲೂ ಬಣ್ಣ ಹಾಕಿಸಿರಿ. ಕಬ್ಬಿಣವಿದ್ದರೆ ಅಚ್ಚ ನೀಲಿಯಾಗುತ್ತದೆ, ಲಿಪೋಫುಸ್ಕಿನ್ ಹಾಗೆಯೇ ಉಳಿಯುತ್ತದೆ. ಮೊಣಕಾಲಿಗೆ ಪೆಟ್ಟು ಬಿದ್ದ ಜಾಗ ಮೊದಲು ಕೆನ್ನೀಲಿ, ಆಮೇಲೆ ಹಸಿರು, ಕೊನೆಗೆ ಹಳದಿಯಾಗುವುದನ್ನು ಎಲ್ಲರೂ ನೋಡಿರುತ್ತೇವೆ. ಸೋರಿದ ರಕ್ತದ ಹಿಮೊಗ್ಲೋಬಿನ್ ಅನ್ನು ಮ್ಯಾಕ್ರೋಫೇಜುಗಳು, ಅಂದರೆ ಕಸ ನುಂಗುವ ರಕ್ಷಕ ಕೋಶಗಳು, ನುಂಗಿ ಹಸಿರು ಬಿಲಿವರ್ಡಿನ್, ಹಳದಿ ಬಿಲಿರುಬಿನ್, ಹಿಮೊಸಿಡರಿನ್ ಆಗಿ ಒಡೆಯುವ ಕ್ರಮ ಚರ್ಮದ ಮೇಲೆಯೇ ಕಾಣುತ್ತದೆ. ಶ್ವಾಸಕೋಶದಲ್ಲಿ ಕಪ್ಪು ಹುಡಿ ಕಂಡರೆ ಅದು ಇಂಗಾಲ. ಹತ್ತಿಕಟ್ಟಿಗೆ ಉರಿಸಿ ಒಲೆಯ ಮುಂದೆ ವರ್ಷಗಟ್ಟಲೆ ರೊಟ್ಟಿ ಬಡಿದ ಹೆಣ್ಣುಮಕ್ಕಳ ಶ್ವಾಸಕೋಶದಲ್ಲಿಯೂ, ಬೀಡಿ ಸೇದಿದವರ ಶ್ವಾಸಕೋಶದಲ್ಲಿಯೂ ಮ್ಯಾಕ್ರೋಫೇಜುಗಳು ಅದನ್ನು ನುಂಗಿ ಹೊತ್ತುಕೊಂಡು ಕೂತಿರುತ್ತವೆ, ಏಕೆಂದರೆ ಇಂಗಾಲವನ್ನು ಜೀರ್ಣಿಸುವ ಕಿಣ್ವ ಅವುಗಳ ಬಳಿ ಇಲ್ಲ.

ಕಿಣ್ವವೇ ಹುಟ್ಟಿನಿಂದ ಇಲ್ಲದಿರುವ ಕಾಯಿಲೆಗಳು ಅಪರೂಪ. ಗೋಶೆ ಕಾಯಿಲೆಯಲ್ಲಿ ಒಂದು ಬಗೆಯ ಕೊಬ್ಬು ಲೈಸೋಸೋಮಿನಲ್ಲಿ ಕೂಡಿಬಿದ್ದು ಮಗುವಿನ ಗುಲ್ಮ (ಸ್ಪ್ಲೀನ್) ಊದುತ್ತದೆ. ಇಂತಹ ಕಾಯಿಲೆಗಳಲ್ಲಿ ಬಹುಪಾಲು ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ ಕಾಣಿಸುತ್ತವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿಯಿರುವ ಮನೆತನಗಳಲ್ಲಿ ಅದರ ಸಂಭವ ಹೆಚ್ಚು. ಹಿಂದೆ ಹಾಗೊಂದು ಮಗು ಹುಟ್ಟಿದ್ದರೆ ಮುಂದಿನ ಮದುವೆಗೆ, ಮುಂದಿನ ಬಸಿರಿಗೆ ಮುನ್ನ ವೈದ್ಯರ ಸಲಹೆ ಕೇಳುವುದು ಒಳ್ಳೆಯದು.

ಶೇಖರಣೆಯೆಲ್ಲವೂ ಕೋಶದೊಳಗೇ ಆಗುವುದೆಂದು ತಿಳಿಯಬಾರದು. ಗದಗ ಜಿಲ್ಲೆಯ ಮುಂಡರಗಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಹೆಚ್ಚಿರುವ ಫ್ಲೋರೈಡ್ ಕೋಶದಲ್ಲಿ ನಿಲ್ಲದೆ ಎಲುಬಿನ ಖನಿಜದಲ್ಲಿ ಕೂಡುತ್ತದೆ, ಮಕ್ಕಳಲ್ಲಾದರೆ ಹಲ್ಲಿನ ಎನಾಮಲ್ ಕಟ್ಟುವ ಕೋಶಗಳ ಕೆಲಸವನ್ನು ಕೆಡಿಸಿ ಹಲ್ಲಿಗೆ ಕಂದು ಕಲೆ ಬರಿಸುತ್ತದೆ. ಕುಡಿಯುವ ನೀರಿನಲ್ಲಿ ಅದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ.

ಏಳನೆಯ ಹೆಜ್ಜೆ: ಸತ್ತ ಕೋಶವನ್ನು ಗುರುತಿಸಿ, ಸಾವಿನ ಬಗೆಯನ್ನು ಹೇಳಿ

ಕೋಶಕೇಂದ್ರವನ್ನು ನೋಡಿರಿ. ಅದು ಕುಗ್ಗಿ ಕಪ್ಪು ಚುಕ್ಕೆಯಂತಾದರೆ ಪಿಕ್ನೋಸಿಸ್, ಪುಡಿಪುಡಿಯಾದರೆ ಕ್ಯಾರಿಯೊರೆಕ್ಸಿಸ್, ಬಣ್ಣ ಮಾಸಿ ಕರಗಿದರೆ ಕ್ಯಾರಿಯೊಲೈಸಿಸ್. ಒಂದೆರಡು ದಿನಗಳಲ್ಲಿ ಅದು ಕಾಣದೇ ಹೋಗುತ್ತದೆ. ಕೋಶರಸವು ಆರ್‌ಎನ್‌ಎ ಕಳೆದುಕೊಂಡು, ಕೆಟ್ಟ ಪ್ರೋಟೀನುಗಳಿಗೆ ಇಯೋಸಿನ್ ಹೆಚ್ಚಾಗಿ ಹಿಡಿದು, ಗಾಢ ಗುಲಾಬಿಯಾಗುತ್ತದೆ. ಇದು ನೆಕ್ರೋಸಿಸ್.

ಅದರ ಬಗೆಗಳನ್ನು ಕಣ್ಣಿನಿಂದಲೂ ಗುರುತಿಸಬಹುದು. ಕುದಿಸಿದ ತತ್ತಿಯ ಬಿಳಿಯ ಭಾಗದಂತೆ ಗಟ್ಟಿಯಾಗಿ, ಕೋಶಗಳ ಹೊರಗೆರೆ ಕೆಲವು ದಿನ ಉಳಿದಿದ್ದರೆ ಅದು ರಕ್ತದ ಹರಿವು ನಿಂತ ಹೃದಯ, ಮೂತ್ರಪಿಂಡ, ಗುಲ್ಮಗಳ ಸಾವು. ಮೆದುಳಿನಲ್ಲಿ ರಕ್ತ ನಿಂತಾಗ ಹಾಗಾಗದೆ ಆ ಭಾಗ ಕರಗಿ ನೀರಾಗುತ್ತದೆ. ಕೀವು ತುಂಬಿದ ಕುರುವಿನಲ್ಲಿಯೂ ಇದೇ ಕರಗುವ ಸಾವು. ಕ್ಷಯ ತಗುಲಿದ ಕೊರಳಿನ ಗಂಟನ್ನು ಕತ್ತರಿಸಿದರೆ ಒಳಗೆ ಒಣ ಖವಾದಂತೆ ಬಿಳಿಹಳದಿಯ ಪುಡಿಯಾಗುವ ಪದಾರ್ಥ ಕಾಣುತ್ತದೆ, ಸ್ಲೈಡಿನಲ್ಲಿ ಅಲ್ಲಿ ಕೋಶಗಳ ಗೆರೆಯೇ ಇಲ್ಲದ ಗುಲಾಬಿ ಹುಡಿ, ಸುತ್ತಲೂ ಮ್ಯಾಕ್ರೋಫೇಜುಗಳೇ ರೂಪ ಬದಲಿಸಿ ಆದ ಎಪಿಥೀಲಿಯಾಯ್ಡ್ ಕೋಶಗಳು ಮತ್ತು ಹಲವು ಕೋಶಕೇಂದ್ರಗಳ ದೈತ್ಯಕೋಶಗಳು. ಅದು ಕಂಡಾಗ ಕ್ಷಯದ ಬ್ಯಾಕ್ಟೀರಿಯಾಕ್ಕಾಗಿ ಜೀಲ್-ನೀಲ್ಸನ್ ಬಣ್ಣ ಹಾಕಿಸದೆ ಬಿಡಬಾರದು. ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ ಸುತ್ತಲಿನ ಕೊಬ್ಬು ಒಡೆದು ಕ್ಯಾಲ್ಸಿಯಂ ಜತೆ ಸೇರಿ ಸುಣ್ಣದ ಚುಕ್ಕೆಗಳಂತೆ ಕಾಣುತ್ತದೆ.

ಸಕ್ಕರೆ ಕಾಯಿಲೆಯವರ ಕಾಲಿನ ಗ್ಯಾಂಗ್ರಿನ್ ನಮ್ಮ ಕಡೆ ಬಹಳ. ರಕ್ತ ಕಡಿಮೆಯಾಗಿ ಒಣಗಿ ಕಪ್ಪಾದ ಬೆರಳಿಗೆ ಸೋಂಕು ಕೂಡಿಕೊಂಡರೆ ಅದು ಹಸಿಯಾಗಿ, ನಾರುತ್ತ, ವೇಗವಾಗಿ ಮೇಲೇರುತ್ತದೆ. ಸ್ಪರ್ಶ ಕುಂದಿದ ಪಾದಕ್ಕೆ ಹೊಲದ ಜಾಲಿಮುಳ್ಳು ಹೊಕ್ಕರೂ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಪಾದದ ಅಡಿಯನ್ನು, ಬೆರಳ ಸಂದುಗಳನ್ನು ಕನ್ನಡಿಯಲ್ಲಾಗಲಿ ಮನೆಯವರಿಂದಾಗಲಿ ನೋಡಿಸಿಕೊಳ್ಳಿರಿ, ಹೊಲಕ್ಕೆ ಬರಿಗಾಲಿನಲ್ಲಿ ಹೋಗಬೇಡಿರಿ.

ಎಂಟನೆಯ ಹೆಜ್ಜೆ: ಸದ್ದಿಲ್ಲದ ಸಾವನ್ನು ಬೇರೆಯಾಗಿ ಗುರುತಿಸಿ

ಕೆಲವು ಕೋಶಗಳು ದೇಹದ ಅಗತ್ಯಕ್ಕೆ ತಕ್ಕಂತೆ ತಾವಾಗಿಯೇ ಸಾಯುತ್ತವೆ. ಬಸಿರಿನೊಳಗಿನ ಮಗುವಿನ ಬೆರಳುಗಳು ಬಿಡಿಬಿಡಿಯಾಗುವುದು ನಡುವಿನ ಕೋಶಗಳು ಸಾಯುವುದರಿಂದ. ಮುಂಗಾರಿನ ಹೊಂಡಗಳಲ್ಲಿ ಕಪ್ಪೆಮರಿಯ ಬಾಲ ಕರಗುವುದೂ ಹೀಗೆಯೇ. ಇದಕ್ಕೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಸಂಶೋಧಕರು ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಎಲೆ ಉದುರುವುದು. ಸಿ. ಎಲೆಗನ್ಸ್ ಎಂಬ ಪುಟ್ಟ ಹುಳುವಿನ ಬೆಳವಣಿಗೆಯಲ್ಲಿ ಹುಟ್ಟುವ 1090 ಕೋಶಗಳಲ್ಲಿ ನಿಖರವಾಗಿ 131 ಕೋಶಗಳು ಹೀಗೆ ಸಾಯುತ್ತವೆ, ಮತ್ತು ಅದರ ಹಿಂದಿನ ಜೀನುಗಳನ್ನು ಬಿಡಿಸಿದ ಕೆಲಸಕ್ಕೆ 2002ರ ನೊಬೆಲ್ ಪ್ರಶಸ್ತಿ ಸಂದಿತು.

ಸ್ಲೈಡಿನಲ್ಲಿ ಗುರುತು ಹಿಡಿಯುವುದು ಹೀಗೆ. ನೆಕ್ರೋಸಿಸ್ ಒಂದು ಹರವಿನ ಕೋಶಗಳನ್ನು ಒಟ್ಟಿಗೆ ಹಿಡಿಯುತ್ತದೆ, ಅಪಾಪ್ಟೋಸಿಸ್ ಅಲ್ಲೊಂದು ಇಲ್ಲೊಂದು ಒಂಟಿ ಕೋಶವನ್ನು. ಮೊದಲನೆಯದರಲ್ಲಿ ಕೋಶ ಉಬ್ಬಿ ಒಡೆಯುತ್ತದೆ. ಎರಡನೆಯದರಲ್ಲಿ ಕುಗ್ಗಿ, ಗಾಢ ಗುಲಾಬಿಯಾಗಿ, ಪೊರೆ ಹರಿಯದೆಯೇ ಸಣ್ಣ ಸಣ್ಣ ಮೂಟೆಗಳಾಗಿ ಬಿಡಿಯಾಗುತ್ತದೆ, ಆ ಮೂಟೆಗಳನ್ನು ಪಕ್ಕದ ಕೋಶಗಳು ಮತ್ತು ಮ್ಯಾಕ್ರೋಫೇಜುಗಳು ನುಂಗುತ್ತವೆ. ಏನೂ ಸೋರದಿರುವುದರಿಂದ ಸುತ್ತ ಉರಿಯೂತವಿಲ್ಲ. ಕಾಮಾಲೆಯ ವೈರಸ್ ಸೋಂಕಿನ ಯಕೃತ್ತಿನಲ್ಲಿ ಇಂತಹ ಗುಲಾಬಿ ಉಂಡೆಗಳನ್ನು ಹುಡುಕಿ ಅಭ್ಯಾಸ ಮಾಡಿರಿ.

ಕೊನೆಯ ಹೆಜ್ಜೆ: ಒಂದು ಸ್ಲೈಡನ್ನು ಮೊದಲಿನಿಂದ ಕೊನೆಯವರೆಗೆ ಓದಿ ಬರೆಯುವುದು

ಹೆಸರು ಹಚ್ಚದ ಸ್ಲೈಡೊಂದು ನಿಮ್ಮ ಮುಂದಿದೆ ಎಂದಿಟ್ಟುಕೊಳ್ಳಿರಿ. ಕಡಿಮೆ ಪಟ್ಟಿನಲ್ಲಿ ಉದ್ದುದ್ದ, ಕವಲೊಡೆದ ಗುಲಾಬಿ ಎಳೆಗಳು ಕಾಣುತ್ತವೆ. ಎಡಗಡೆಯ ಎಳೆಗಳಲ್ಲಿ ನಡುಮಧ್ಯ ಕೋಶಕೇಂದ್ರಗಳಿವೆ, ಅಡ್ಡಗೆರೆಗಳೂ ಇವೆ. ಇದು ಹೃದಯದ ಸ್ನಾಯು, ಎಡಭಾಗ ನಿಮ್ಮ ಅಳತೆಗೋಲು. ಬಲಗಡೆ ಸರಿದಂತೆ ಗುಲಾಬಿ ಗಾಢವಾಗುತ್ತದೆ. ಹೆಚ್ಚಿನ ಪಟ್ಟಿಗೆ ಹೋದರೆ ಅಲ್ಲಿ ಎಳೆಗಳ ಹೊರಗೆರೆ ಉಳಿದಿದೆ, ಅಡ್ಡಗೆರೆ ಅಳಿಸಿದೆ, ಹೆಚ್ಚಿನ ಎಳೆಗಳಲ್ಲಿ ಕೋಶಕೇಂದ್ರವೇ ಇಲ್ಲ. ಎಳೆಗಳ ನಡುವೆ ಎರಡು ಮೂರು ಹಾಲೆಗಳ ಕೋಶಕೇಂದ್ರವಿರುವ ನ್ಯೂಟ್ರೋಫಿಲುಗಳು ಎಂಬ ಬಿಳಿ ರಕ್ತಕಣಗಳು ದಟ್ಟವಾಗಿ ತುಂಬಿವೆ.

ಇಲ್ಲಿ ಆತುರಪಡದೆ ಕಾಲದ ಲೆಕ್ಕ ಹಾಕಿರಿ. ಮೊದಲ ನಾಲ್ಕು ಗಂಟೆಗಳಲ್ಲಾದರೆ ಅಂಚಿನಲ್ಲಿ ಅಲೆಯಲೆಯಾದ ಕೆಲವು ಎಳೆಗಳ ಹೊರತು ಏನೂ ಕಾಣುತ್ತಿರಲಿಲ್ಲ. 12ರಿಂದ 24 ಗಂಟೆಗಳಲ್ಲಾದರೆ ಕುಗ್ಗಿದ ಕೋಶಕೇಂದ್ರಗಳು ಇನ್ನೂ ಇರುತ್ತಿದ್ದವು, ನ್ಯೂಟ್ರೋಫಿಲುಗಳು ಆಗತಾನೇ ಬರತೊಡಗಿರುತ್ತಿದ್ದವು. ವಾರದ ಕೊನೆಗಾದರೆ ಸತ್ತ ಎಳೆಗಳನ್ನು ಮ್ಯಾಕ್ರೋಫೇಜುಗಳು ತೆರವು ಮಾಡುತ್ತಿರುತ್ತಿದ್ದವು, ಎರಡು ವಾರಕ್ಕಾದರೆ ಹೊಸ ರಕ್ತನಾಳಗಳೂ ಎಳೆಯ ನಾರೂ ಬಂದಿರುತ್ತಿದ್ದವು, ಎರಡು ತಿಂಗಳು ದಾಟಿದ್ದರೆ ಉಳಿದಿರುತ್ತಿದ್ದದ್ದು ಬಿಳಿಯ ಕಲೆ ಮಾತ್ರ. ಇನ್ನು ಎಡಗಡೆಯ ಜೀವಂತ ಎಳೆಗಳಿಗೆ ಮರಳಿ ಬಂದರೆ, ಅವುಗಳ ಕೋಶಕೇಂದ್ರದ ತುದಿಗಳಲ್ಲಿ ಕಂದು ಹುಡಿ ಇದೆ, ಪ್ರಷ್ಯನ್ ಬ್ಲೂ ಹಾಕಿದ ಜೋಡಿ ಸ್ಲೈಡಿನಲ್ಲಿ ಅದು ನೀಲಿಯಾಗಿಲ್ಲ.

ಪೆನ್ಸಿಲಿನಿಂದ ಚಿತ್ರ ಬಿಡಿಸಿ, ಜೀವಂತ ಭಾಗ, ಸತ್ತ ಭಾಗ, ಅವುಗಳ ನಡುವಿನ ಅಂಚು ಈ ಮೂರನ್ನೂ ಗುರುತು ಮಾಡಿ, ಕೆಳಗೆ ಹೀಗೆ ಬರೆಯಿರಿ: “ಹೃದಯದ ಸ್ನಾಯು, ಬಹುಶಃ ವಯಸ್ಸಾದ ವ್ಯಕ್ತಿಯದು. ರಕ್ತದ ಹರಿವು ನಿಂತದ್ದರಿಂದ ಆದ ಗಟ್ಟಿ ಬಗೆಯ ನೆಕ್ರೋಸಿಸ್, ಅವಧಿ 1ರಿಂದ 3 ದಿನ. ಉಳಿದ ಎಳೆಗಳಲ್ಲಿ ಲಿಪೋಫುಸ್ಕಿನ್.”